ಎರಡು, ಮೂರು, ಐದು: ಮಗು ಕೂಡಲು ಕಲಿಯುವ ಬಗೆ

ಧಾರವಾಡ ಜಿಲ್ಲೆಯ ನವಲಗುಂದ, ಕುಂದಗೋಳ ಸೀಮೆಯ ಹಳ್ಳಿಗಳಲ್ಲಿ ಜೋಳವನ್ನು ಸೇರಿನಿಂದ ಅಳೆದು ಹಾಕುವ ಹಿರಿಯರು ಮೊದಲನೆಯ ಸೇರಿಗೆ 'ಒಂದು' ಎನ್ನುವುದಿಲ್ಲ, 'ಲಾಭ' ಎನ್ನುತ್ತಾರೆ. ಲಾಭ, ಎರಡು, ಮೂರು, ನಾಲ್ಕು ಎಂದು ಎಣಿಕೆ ಮುಂದುವರಿಯುತ್ತದೆ. ಮನೆಗೆ ಬರುವ ಧಾನ್ಯದ ಎಣಿಕೆ ಶುಭವಾದ ಮಾತಿನಿಂದ ಮೊದಲಾಗಲಿ ಎಂಬುದು ಇದರ ಹಿಂದಿನ ಭಾವನೆ. ವಿದ್ಯುತ್ ತೂಕಯಂತ್ರಗಳು ಬಂದು ಸೇರಿನ ಬಳಕೆ ಕಡಿಮೆಯಾಗಿರುವ ಈ ದಿನಗಳಲ್ಲಿಯೂ ಈ ವಾಡಿಕೆ ಪೂರ್ತಿ ಅಳಿದಿಲ್ಲ. ನಮ್ಮ ವಾಚಕರಲ್ಲಿ ಹಳ್ಳಿಯಿಂದ ಬಂದವರು ಅಜ್ಜಿಯ ಬಾಯಿಂದ ಇದನ್ನು ಕೇಳಿಯೇ ಇರಬಹುದು.

'ಒಂದು' ಎಂಬ ಮಾತೇ ಇಲ್ಲದೆ ಎಣಿಸಿದರೂ ಲೆಕ್ಕದಲ್ಲಿ ಒಂದು ಸೇರೂ ತಪ್ಪುವುದಿಲ್ಲ. ಇದಕ್ಕೆ ಕಾರಣವೇನು? ಎಣಿಕೆಗೆ ಬೇಕಾದುದು ಇಂಥದೇ ಶಬ್ದವಲ್ಲ. ಪ್ರತಿ ಸಲವೂ ಶಬ್ದಗಳು ಅದೇ ಕ್ರಮದಲ್ಲಿ ಬರಬೇಕು. ಒಂದೊಂದು ವಸ್ತುವಿಗೆ ಒಂದೊಂದೇ ಶಬ್ದ ಸಲ್ಲಬೇಕು. ಕಡೆಗೆ ಬಂದ ಶಬ್ದವು ಒಟ್ಟು ರಾಶಿಯ ಗಾತ್ರವನ್ನು ಹೇಳಬೇಕು. ಈ ಮೂರು ನಡೆದರೆ ಸಾಕು. ಅಮೇರಿಕದ ಮನೋವಿಜ್ಞಾನಿಗಳಾದ ರೋಷೆಲ್ ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ ಎಂಬವರು ೧೯೭೮ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಎಣಿಕೆಯ ತತ್ವಗಳನ್ನು ವಿಂಗಡಿಸಿದಾಗ ಇವೇ ಅವುಗಳಲ್ಲಿ ಮುಖ್ಯವಾಗಿ ನಿಂತವು. ಎರಡು–ಮೂರು ವರ್ಷದ ಕೆಲವು ಮಕ್ಕಳು 'ಎರಡು, ಆರು, ಹತ್ತು' ಎಂಬಂಥ ತಮ್ಮದೇ ಆದ ಸರಣಿಯನ್ನು ಹಿಡಿದು ಎಣಿಸುವುದನ್ನು ಅವರು ಗಮನಿಸಿದರು. ಶಬ್ದ ತಪ್ಪು, ಕ್ರಮ ಮಾತ್ರ ಸ್ಥಿರ. ಜೋಳ ಅಳೆಯುವ ಅಜ್ಜಿಗೂ ಆ ಮಗುವಿಗೂ ಇಷ್ಟು ಮಟ್ಟಿಗೆ ಸಾಮ್ಯವುಂಟು.

ಮೂರನೆಯ ತತ್ವವು ಮಗುವಿಗೆ ಅತ್ಯಂತ ಕಠಿನ. ಮೂರು ವರ್ಷದ ಮಗುವಿನ ಮುಂದೆ ಐದು ನಿಂಬೆಹಣ್ಣುಗಳನ್ನಿಟ್ಟು ಎಣಿಸೆಂದರೆ ಅದು ಬೆರಳಿಟ್ಟು 'ಒಂದು, ಎರಡು, ಮೂರು, ನಾಲ್ಕು, ಐದು' ಎಂದು ಸೊಗಸಾಗಿ ಎಣಿಸಬಹುದು. 'ಹಾಗಾದರೆ ಹಣ್ಣು ಎಷ್ಟು?' ಎಂದೊಡನೆ ಉತ್ತರ ಕೊಡದೆ ಮತ್ತೆ ಮೊದಲಿನಿಂದ ಎಣಿಸತೊಡಗುತ್ತದೆ. ಆ ಮಗುವಿಗೆ ಎಣಿಕೆಯೆಂಬುದು ಇನ್ನೂ ಒಂದು ಹಾಡು. ಹಾಡಿನ ಕೊನೆಯ ಮಾತಿನಲ್ಲಿ ರಾಶಿಯ ಅಳತೆ ಅಡಗಿದೆಯೆಂಬುದು ಅದಕ್ಕೆ ತಿಳಿಯದು. 'ನನಗೆ ಮೂರು ಹಣ್ಣು ಕೊಡು' ಎಂದರೆ ಕೈಗೆ ಸಿಕ್ಕಷ್ಟನ್ನು ಹಿಡಿದು ಕೊಡುತ್ತದೆ. ಕ್ಯಾರೆನ್ ವಿನ್ ಎಂಬ ವಿದುಷಿಯು ೧೯೯೦ರ ಸುಮಾರಿನಲ್ಲಿ ಈ 'ಕೊಡು' ಪರೀಕ್ಷೆಯನ್ನು ನಡೆಸಿ ಕಂಡುಕೊಂಡ ಸಂಗತಿ ವಿಚಿತ್ರವಾದುದು. ಮಗು ಮೊದಲು 'ಒಂದು' ಎಂಬುದರ ಅರ್ಥವನ್ನು ಕಲಿಯುತ್ತದೆ. ಕೆಲವು ತಿಂಗಳ ಮೇಲೆ 'ಎರಡು'. ಮತ್ತೆ ಕೆಲವು ತಿಂಗಳಿಗೆ 'ಮೂರು'. ಅಲ್ಲಿಂದ ಮುಂದೆ ಒಮ್ಮೆಲೆ ಬಾಗಿಲು ತೆರೆದಂತೆ ತಾನು ಎಣಿಸಬಲ್ಲ ಎಲ್ಲ ಸಂಖ್ಯೆಗಳ ಅರ್ಥವೂ ಹೊಳೆಯುತ್ತದೆ. ಎಣಿಕೆಯ ಹಾಡನ್ನು ಕಲಿತದ್ದಕ್ಕೂ ಈ ಬಾಗಿಲು ತೆರೆಯುವುದಕ್ಕೂ ನಡುವೆ ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಕಳೆಯುವುದುಂಟು. ನೂರರ ತನಕ ಬಾಯಿಪಾಠ ಒಪ್ಪಿಸುವ ಮಗುವನ್ನು ನೆಂಟರೆದುರು ನಿಲ್ಲಿಸಿ ಹೆಮ್ಮೆಪಡುವ ತಂದೆತಾಯಿಗಳು ಈ ಅಂತರವನ್ನು ಅರಿಯರು.

ಮೂರರವರೆಗೆ ಒಂದೊಂದಾಗಿ ಏರಿ, ಅನಂತರ ಜಿಗಿಯುವುದೇಕೆ? ಇದಕ್ಕೆ ಸಂಬಂಧಿಸಿದ ಹಳೆಯ ಪ್ರಯೋಗವೊಂದಿದೆ. ತರ್ಕಶಾಸ್ತ್ರಜ್ಞನೂ ಅರ್ಥಶಾಸ್ತ್ರಜ್ಞನೂ ಆಗಿದ್ದ ಇಂಗ್ಲೆಂಡಿನ ಸ್ಟಾನ್ಲಿ ಜೆವನ್ಸ್ ೧೮೭೧ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅದನ್ನು ವರ್ಣಿಸಿದ. ಆತ ಒಂದು ಹಿಡಿ ಕಾಳನ್ನು ಚಿಕ್ಕ ಪೆಟ್ಟಿಗೆಯತ್ತ ಎಸೆದು, ಅದರೊಳಗೆ ಬಿದ್ದವು ಎಷ್ಟೆಂಬುದನ್ನು ಎಣಿಸದೆ ಒಂದೇ ನೋಟದಲ್ಲಿ ಹೇಳಿ, ಬಳಿಕ ಎಣಿಸಿ ಬರೆದಿಟ್ಟುಕೊಂಡ. ಹೀಗೆ ೧೦೨೭ ಸಲ! ಮೂರು ಅಥವಾ ನಾಲ್ಕು ಕಾಳು ಬಿದ್ದಾಗ ಒಮ್ಮೆಯೂ ತಪ್ಪಲಿಲ್ಲ. ಐದಕ್ಕೆ ತಪ್ಪು ಮೊದಲಾಯಿತು. ಹತ್ತರ ಹೊತ್ತಿಗೆ ಸರಿಯಾದ ಉತ್ತರಗಳು ಅರ್ಧಕ್ಕಿಂತಲೂ ಕಡಿಮೆಯಾದವು. ಒಂದು ಹಿಡಿ ಹೆಸರುಕಾಳು, ಒಂದು ವಾಟಿ, ಒಬ್ಬ ಗೆಳೆಯ, ಇಷ್ಟಿದ್ದರೆ ನಮ್ಮ ವಾಚಕರೂ ಈ ಪ್ರಯೋಗವನ್ನು ಮಾಡಿ ನೋಡಬಹುದು. ನಾಲ್ಕರವರೆಗಿನ ಗುಂಪನ್ನು ಕಣ್ಣು ಎಣಿಸದೆಯೇ ಗ್ರಹಿಸುತ್ತದೆ. ಅದರಾಚೆ ಎಣಿಕೆಯ ಆಸರೆ ಬೇಕು. ಐದು ತಿಂಗಳ ಹಸುಳೆಗಳು ಕೂಡ ಒಂದು ಬೊಂಬೆಯ ಹಿಂದೆ ಇನ್ನೊಂದನ್ನು ಪರದೆಯ ಮರೆಗೆ ಸರಿಸಿ, ಪರದೆ ತೆಗೆದಾಗ ಒಂದೇ ಬೊಂಬೆ ಕಂಡರೆ ಹೆಚ್ಚು ಹೊತ್ತು ದಿಟ್ಟಿಸಿ ನೋಡುತ್ತವೆಯೆಂದು ವಿನ್ ೧೯೯೨ರಲ್ಲಿ ತೋರಿಸಿದಳು. ಕೂಡುವಿಕೆಯ ಬೀಜ ಇಷ್ಟು ಹಿಂದೆಯೇ ಬಿದ್ದಿರುತ್ತದೆ.

ಕೂಡುವುದು ಕಲಿಸಬೇಕಾಗಿಲ್ಲದಷ್ಟು ಸುಲಭವೆಂಬ ಭಾವನೆ ಬಹಳ ಹಳೆಯದು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅಂದರೆ ಒಂಬತ್ತನೆಯ ಶತಮಾನದಲ್ಲಿ, ಕನ್ನಡ ನಾಡಿನ ಮಹಾವೀರಾಚಾರ್ಯನು ರಚಿಸಿದ 'ಗಣಿತಸಾರಸಂಗ್ರಹ'ವನ್ನು ತೆರೆದರೆ ಪರಿಕರ್ಮಗಳು ಗುಣಾಕಾರದಿಂದ ಆರಂಭವಾಗುತ್ತವೆ. ಅಲ್ಲಿ 'ಸಂಕಲಿತ'ವೆಂದರೆ ಶ್ರೇಢಿಗಳ ಮೊತ್ತ. ಎರಡು ಸಂಖ್ಯೆಗಳನ್ನು ಕೂಡುವ ಸಾಮಾನ್ಯ ಕ್ರಿಯೆಯನ್ನು ಆಚಾರ್ಯನು ಬೋಧಿಸುವ ಗೋಜಿಗೆ ಹೋಗಿಲ್ಲ. ಪಂಡಿತರಿಗಾಗಿ ಬರೆದ ಗ್ರಂಥಕ್ಕೆ ಅದು ಸಲ್ಲುತ್ತದೆ. ಆದರೆ ನಮ್ಮ ಒಂದನೆಯ ತರಗತಿಯೂ ಅದೇ ದಾರಿಯಲ್ಲಿ ಅವಸರಪಡುವುದುಂಟು. ಸಂಖ್ಯೆಗಳನ್ನು ಬರೆಯಲು ಬಂದ ಮರುವಾರವೇ ಪಾಟಿಯ ಮೇಲೆ 'ಕೂಡಿಸಿರಿ' ಎಂಬ ಲೆಕ್ಕಗಳು ಸಾಲುಗಟ್ಟುತ್ತವೆ.

ಮಗು ಕೂಡುವಾಗ ಅದರ ತಲೆಯಲ್ಲಿ ಏನು ನಡೆಯುತ್ತದೆ? ಎರಡು ಮತ್ತು ಏಳನ್ನು ಕೂಡೆಂದು ಹೇಳಿದರೆ ಮೊದಮೊದಲು ಅದು ಎರಡು ಹರಳುಗಳನ್ನು ಎಣಿಸಿಡುತ್ತದೆ, ಏಳು ಹರಳುಗಳನ್ನು ಬೇರೆ ಎಣಿಸಿಡುತ್ತದೆ, ಅನಂತರ ಎಲ್ಲವನ್ನೂ ಒಂದರಿಂದ ಎಣಿಸಿ ಒಂಬತ್ತೆನ್ನುತ್ತದೆ. ಇದು ಮೊದಲನೆಯ ಮೆಟ್ಟಿಲು. ಕೆಲವು ಕಾಲದ ಮೇಲೆ ಅದೇ ಮಗು 'ಎರಡು' ಎಂದು ಮನಸ್ಸಿನಲ್ಲಿ ಹಿಡಿದು 'ಮೂರು, ನಾಲ್ಕು...' ಎಂದು ಏಳು ಹೆಜ್ಜೆ ನಡೆಯುತ್ತದೆ. ಇನ್ನೂ ಕೆಲವು ಕಾಲದ ಮೇಲೆ, ಯಾರೂ ಹೇಳಿಕೊಡದೆ, ಲೆಕ್ಕವನ್ನೇ ತಿರುಗಿಸಿಕೊಳ್ಳುತ್ತದೆ: ದೊಡ್ಡದಾದ ಏಳನ್ನು ಹಿಡಿದು 'ಎಂಟು, ಒಂಬತ್ತು' ಎಂದು ಎರಡೇ ಹೆಜ್ಜೆಯಲ್ಲಿ ಮುಗಿಸುತ್ತದೆ. ಎರಡಕ್ಕೆ ಏಳು ಕೂಡಿದರೂ ಏಳಕ್ಕೆ ಎರಡು ಕೂಡಿದರೂ ಫಲ ಒಂದೇ ಎಂಬ ಬೀಜಗಣಿತದ ನಿಯಮವನ್ನು ಆರು ವರ್ಷದ ಮಗು ತನ್ನ ಸೋಮಾರಿತನದಿಂದಲೇ ಕಂಡುಹಿಡಿಯುತ್ತದೆಯೆಂದರೆ ತಪ್ಪಾಗದು. ವಿಜ್ಞಾನದಲ್ಲಿ ಇಂಥ ಸೋಮಾರಿತನಕ್ಕೆ ಗೌರವದ ಸ್ಥಾನವಿದೆ.

ಇದು ಊಹೆಯ ಮಾತಲ್ಲ. ಗ್ರೋನ್ ಮತ್ತು ಪಾರ್ಕ್‌ಮನ್ ಎಂಬವರು ೧೯೭೨ರಲ್ಲಿ ಒಂದನೆಯ ತರಗತಿಯ ಮಕ್ಕಳಿಗೆ ಚಿಕ್ಕ ಚಿಕ್ಕ ಕೂಡುವ ಲೆಕ್ಕಗಳನ್ನು ಕೊಟ್ಟು ಉತ್ತರಕ್ಕೆ ಹಿಡಿದ ವೇಳೆಯನ್ನು ಅಳೆದರು. ವೇಳೆಯು ಮೊತ್ತವನ್ನೂ ಅವಲಂಬಿಸಲಿಲ್ಲ, ಮೊದಲು ಬರೆದ ಸಂಖ್ಯೆಯನ್ನೂ ಅವಲಂಬಿಸಲಿಲ್ಲ. ಎರಡರಲ್ಲಿ ಚಿಕ್ಕದಾದ ಸಂಖ್ಯೆಯನ್ನು ಅನುಸರಿಸಿ ಏರಿತು. ಚಿಕ್ಕ ಸಂಖ್ಯೆ ಒಂದರಷ್ಟು ಹೆಚ್ಚಿದಾಗಲೆಲ್ಲ ಸುಮಾರು ೦.೪ ಸೆಕೆಂಡು ಹೆಚ್ಚು ಬೇಕಾಯಿತು. ಮೌನವಾಗಿ ಒಂದು ಹೆಜ್ಜೆ ಎಣಿಸಲು ಮಗುವಿಗೆ ಬೇಕಾಗುವ ಕಾಲವೇ ಅದು. ದೊಡ್ಡವರಲ್ಲಿ ಅದೇ ಏರಿಕೆ ೦.೦೨ ಸೆಕೆಂಡು ಮಾತ್ರ. ಇಷ್ಟು ವೇಗವಾಗಿ ಯಾರೂ ಎಣಿಸಲಾರರು. ಆದುದರಿಂದ ದೊಡ್ಡವರು ಎಣಿಸುವುದಿಲ್ಲ, ನೆನಪಿನಿಂದ ತೆಗೆಯುತ್ತಾರೆಂದು ತಿಳಿಯಬರುತ್ತದೆ. ಕಣ್ಣಿಗೆ ಕಾಣದ ಕ್ರಿಯೆಯನ್ನು ಗಡಿಯಾರದಿಂದ ಹೊರಗೆಳೆದ ಈ ಪ್ರಯೋಗ ಭೌತವಿಜ್ಞಾನದ ಅಧ್ಯಾಪಕರಾದ ನಮಗೆ ವಿಶೇಷವಾಗಿ ಪ್ರಿಯವಾದುದು. ಅಣುವನ್ನು ಕಾಣದೆಯೇ ಅದರ ಗಾತ್ರವನ್ನು ಅಳೆಯುವ ಜಾಣತನ ಇದರಲ್ಲಿಯೂ ಇದೆ. ಐದು ವರ್ಷಗಳ ಬಳಿಕ ಗ್ರೋನ್ ಮತ್ತು ರೆಸ್ನಿಕ್ ಶಾಲೆ ಸೇರದ ಚಿಕ್ಕ ಮಕ್ಕಳಿಗೆ ಎಲ್ಲವನ್ನೂ ಒಂದರಿಂದ ಎಣಿಸುವ ಕ್ರಮವನ್ನಷ್ಟೇ ಕಲಿಸಿ ವಾರಗಟ್ಟಲೆ ಅಭ್ಯಾಸ ಮಾಡಿಸಿದರು. ಅವರಲ್ಲಿ ಅರ್ಧದಷ್ಟು ಮಕ್ಕಳು ತಾವಾಗಿಯೇ ದೊಡ್ಡ ಸಂಖ್ಯೆಯಿಂದ ಮುಂದೆ ಎಣಿಸುವ ಹಾದಿಗೆ ಹೊರಳಿದರು.

ಹೀಗಿರುವಾಗ ಬೆರಳು ಮಡಚಿ ಎಣಿಸುವ ಮಗುವನ್ನು ಗದರಿಸುವುದು ಯಾವ ನ್ಯಾಯ? ಬೆರಳು ಮೆಟ್ಟಿಲೇ ಹೊರತು ಕೆಟ್ಟ ಚಾಳಿಯಲ್ಲ. ನಮ್ಮ ಹಿರಿಯರು ಹೆಬ್ಬೆರಳಿನಿಂದ ಉಳಿದ ಬೆರಳುಗಳ ಗೆಣ್ಣುಗಳನ್ನು ಮುಟ್ಟುತ್ತ ದೊಡ್ಡ ವ್ಯವಹಾರಗಳನ್ನೇ ಮುಗಿಸುತ್ತಿದ್ದರು. ೧೯೫೭ರ ಏಪ್ರಿಲ್ ೧ರಂದು ದಶಮಾನ ನಾಣ್ಯ ಜಾರಿಗೆ ಬರುವ ತನಕ ನಾಲ್ಕು ಪೈಸೆಗೆ ಒಂದು ಆಣೆ, ಹದಿನಾರು ಆಣೆಗೆ ಒಂದು ರೂಪಾಯಿ. ಧಾನ್ಯದಲ್ಲಿ ಹದಿನಾರು ಚಟಾಕಿಗೆ ಒಂದು ಸೇರು. ಅಂದಿನ ಮಗು ಒಂದೇ ಲೆಕ್ಕದಲ್ಲಿ ನಾಲ್ಕಕ್ಕೊಮ್ಮೆ, ಹದಿನಾರಕ್ಕೊಮ್ಮೆ, ಹತ್ತಕ್ಕೊಮ್ಮೆ ದಶಕ ಕಟ್ಟಬೇಕಾಗಿತ್ತು. ಇಂದಿನ ಮಗುವಿಗೆ ಆ ಕಷ್ಟ ತಪ್ಪಿದೆ.

ಬೆರಳಿನಿಂದ ನೆನಪಿಗೆ ದಾಟುವ ಸೇತುವೆ ಯಾವುದು? ಸಂಖ್ಯೆಯನ್ನು ಒಡೆದು ಕಟ್ಟುವ ಅಭ್ಯಾಸ. ಐದು ಎಂಬುದು ನಾಲ್ಕೂ ಒಂದೂ ಹೌದು, ಮೂರೂ ಎರಡೂ ಹೌದು ಎಂಬುದು ಕೈಗೆ ಹತ್ತಬೇಕು. ನಮ್ಮ ಹೆಣ್ಣುಮಕ್ಕಳು ಜಗುಲಿಯ ಮೇಲೆ ಆಡುವ ಗಜ್ಜುಗದ ಆಟವನ್ನು ನೋಡಿರಿ. ಐದು ಕಾಯಿಗಳಲ್ಲಿ ಒಂದನ್ನು ಮೇಲಕ್ಕೆ ಚಿಮ್ಮಿ, ಅದು ಕೆಳಗಿಳಿಯುವುದರೊಳಗೆ ನೆಲದ ಮೇಲಿನ ನಾಲ್ಕನ್ನು ಎತ್ತಬೇಕು. ಮೊದಲನೆಯ ಸುತ್ತಿನಲ್ಲಿ ಒಂದೊಂದಾಗಿ, ಎರಡನೆಯದರಲ್ಲಿ ಎರಡೆರಡಾಗಿ, ಮೂರನೆಯದರಲ್ಲಿ ಮೂರು ಮತ್ತು ಒಂದಾಗಿ, ನಾಲ್ಕನೆಯದರಲ್ಲಿ ನಾಲ್ಕನ್ನೂ ಒಟ್ಟಿಗೆ. ನಾಲ್ಕನ್ನು ಒಡೆಯುವ ಬಗೆಗಳು ಎಷ್ಟೆಂದು ಕೇಳಿದರೆ ಗಣಿತಜ್ಞನು ಐದೆನ್ನುತ್ತಾನೆ. ಅವುಗಳಲ್ಲಿ ನಾಲ್ಕನ್ನು ಈ ಆಟ ಬೆರಳುಗಳಿಗೇ ಕಲಿಸಿಬಿಡುತ್ತದೆ. ಬಿಟ್ಟುಹೋದುದು ಎರಡು, ಒಂದು, ಒಂದು ಎಂಬ ಬಗೆ ಮಾತ್ರ. ಕಾಯಿ ಗಾಳಿಯಲ್ಲಿರುವಾಗ ಎಣಿಸಲು ಪುರಸೊತ್ತಿಲ್ಲ. ಗುಂಪನ್ನು ಗುಂಪಾಗಿಯೇ ಕಾಣಬೇಕು. ಜೆವನ್ಸ್ ಪೆಟ್ಟಿಗೆಯಲ್ಲಿ ಕಂಡುದನ್ನು ಈ ಹುಡುಗಿಯರು ಜಗುಲಿಯ ಮೇಲೆ ಬಳಸುತ್ತಾರೆ. ಚೌಕಾಬಾರದಲ್ಲಿ ಕವಡೆ ಬಿದ್ದಷ್ಟು ಮನೆ ನಡೆಯುವುದೂ ಇಂಥದೇ ಪಾಠ. ಅಲ್ಲಿ ಮನೆಗಳ ಸಾಲೇ ಸಂಖ್ಯಾರೇಖೆ.

ಹತ್ತರಾಚೆ ಹೋಗುವಾಗ ಕನ್ನಡ ಭಾಷೆಯೇ ಮಗುವಿಗೆ ಕೈಕೊಟ್ಟು ನಡೆಸುತ್ತದೆ. ಹನ್ನೊಂದು, ಹನ್ನೆರಡು, ಹದಿಮೂರು, ಹದಿನಾಲ್ಕು: ಪ್ರತಿಯೊಂದರಲ್ಲಿಯೂ ಹತ್ತು ಮುಂದೆ, ಬಿಡಿ ಹಿಂದೆ. ಇಪ್ಪತ್ತೊಂದು, ಮೂವತ್ತೈದು, ನಲವತ್ತೆಂಟು ಎಂಬ ಮಾತುಗಳಲ್ಲಿ ಕೂಡುವ ಲೆಕ್ಕ ತೆರೆದಿಟ್ಟಂತಿದೆ; ಮೂವತ್ತೈದೆಂದರೆ ಮೂರು ಹತ್ತು ಮತ್ತು ಐದು. ಒಂಬತ್ತು ಎಂಬ ಪದವನ್ನೇ ಭಾಷಾಪಂಡಿತರು ಹತ್ತಕ್ಕೆ ಒಂದು ಕಡಿಮೆ ಎಂದು ಬಿಡಿಸುವುದುಂಟು. ಮರಾಠಿಯಲ್ಲಾದರೆ ೨೧ಕ್ಕೆ 'ಏಕವೀಸ', ಅಂದರೆ ಒಂದು ಮುಂದೆ, ಇಪ್ಪತ್ತು ಹಿಂದೆ. ೨೯ಕ್ಕೆ 'ಏಕೋಣತೀಸ', ಅಂದರೆ ಮೂವತ್ತಕ್ಕೆ ಒಂದು ಕಡಿಮೆ. ಬರೆಯುವ ಕ್ರಮ ಒಂದು, ನುಡಿಯುವ ಕ್ರಮ ಇನ್ನೊಂದು. ಹಿಂದಿ, ಉರ್ದುಗಳಲ್ಲಿ ನೂರರವರೆಗಿನ ಹೆಸರುಗಳನ್ನು ಬಹುಮಟ್ಟಿಗೆ ಬಿಡಿಬಿಡಿಯಾಗಿಯೇ ಕಂಠಪಾಠ ಮಾಡಬೇಕು. ಕೆವಿನ್ ಮಿಲ್ಲರ್ ಮತ್ತು ಸಂಗಡಿಗರು ೧೯೯೫ರಲ್ಲಿ ಚೀನಾ ಮತ್ತು ಅಮೇರಿಕದ ಮಕ್ಕಳನ್ನು ಹೋಲಿಸಿದಾಗ ಹತ್ತರವರೆಗೆ ಇಬ್ಬರೂ ಸಮನಾಗಿದ್ದರು. ಹನ್ನೊಂದರಿಂದ ಮುಂದೆ ಅಮೇರಿಕದ ಮಕ್ಕಳು ಹಿಂದೆಬಿದ್ದರು. ಚೀನೀ ಭಾಷೆಯಲ್ಲಿ ಹನ್ನೊಂದಕ್ಕೆ 'ಹತ್ತು–ಒಂದು' ಎಂದೇ ಹೆಸರು. ಇಂಗ್ಲಿಷಿನ 'ಇಲೆವನ್' ಎಂಬ ಮಾತು ಹತ್ತನ್ನೂ ಒಂದನ್ನೂ ಬಚ್ಚಿಟ್ಟಿದೆ. ಕಲಘಟಗಿಯ ಕಾಡಂಚಿನ ಗೌಳಿ ದಡ್ಡಿಗಳಿಂದಲೂ ಲಂಬಾಣಿ ತಾಂಡಾಗಳಿಂದಲೂ ಕನ್ನಡ ಶಾಲೆಗೆ ಬರುವ ಮಗು ಮನೆಯಲ್ಲಿ ಒಂದು ಸರಣಿಯನ್ನೂ ಶಾಲೆಯಲ್ಲಿ ಇನ್ನೊಂದನ್ನೂ ಹೊರಬೇಕಾಗುತ್ತದೆ. ಅಂಥ ಮಗು ಉತ್ತರಕ್ಕೆ ತಡವರಿಸಿದರೆ ಅದು ಲೆಕ್ಕದ ದೋಷವಾಗಿರಲಾರದು.

ಶಬ್ದದ ತೊಡಕು ಕನ್ನಡದ ಮಗುವಿಗೂ ತಪ್ಪಿದ್ದಲ್ಲ. ಪಠ್ಯಪುಸ್ತಕ 'ಸಂಕಲನ' ಎನ್ನುತ್ತದೆ, 'ಮೊತ್ತ' ಎನ್ನುತ್ತದೆ. ಮನೆಯಲ್ಲಿ ಅಜ್ಜ 'ಬೇರೀಜು ಎಷ್ಟಾತು?' ಎನ್ನುತ್ತಾನೆ, ಅವ್ವ 'ಎಲ್ಲಾ ಕೂಡಿ ಎಷ್ಟಾತು?' ಎನ್ನುತ್ತಾಳೆ. ಇವು ಒಂದೇ ಎಂದು ಯಾರಾದರೂ ಒಮ್ಮೆ ಹೇಳಬೇಕಲ್ಲವೆ?

ಕೇಳುವ ರೀತಿಯೂ ಮುಖ್ಯ. ಜಿನೀವಾದ ಜೀನ್ ಪಿಯಾಜೆ, ಅಲಿನಾ ಷೆಮಿನ್ಸ್ಕಾಳೊಡನೆ ೧೯೪೧ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಪ್ರಯೋಗವಿದೆ. ಎರಡು ಸಾಲುಗಳಲ್ಲಿ ಸಮಸಂಖ್ಯೆಯ ವಸ್ತುಗಳನ್ನಿಟ್ಟು, ಎರಡೂ ಸಮವೆಂದು ಮಗು ಒಪ್ಪಿದ ಮೇಲೆ ಒಂದು ಸಾಲನ್ನು ಅಗಲಿಸಿದರೆ ಐದು ವರ್ಷದ ಮಗು ಉದ್ದನೆಯ ಸಾಲಿನಲ್ಲಿ ಹೆಚ್ಚಿವೆ ಎನ್ನುತ್ತದೆ. ಸರಿಸಿದ ಮಾತ್ರಕ್ಕೆ ಸಂಖ್ಯೆ ಬದಲಾಗದೆಂಬ ಅರಿವಿಲ್ಲದವರಿಗೆ ಕೂಡುವಿಕೆ ಹೇಗೆ ಅರ್ಥವಾದೀತು ಎಂಬುದು ಪಿಯಾಜೆಯ ವಾದ. ೧೯೭೪ರಲ್ಲಿ ಮ್ಯಾಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಇದೇ ಪ್ರಯೋಗವನ್ನು ಸ್ವಲ್ಪ ಬದಲಿಸಿದರು. ಸಾಲನ್ನು ಅಗಲಿಸಿದ್ದು ದೊಡ್ಡವರಲ್ಲ, ತುಂಟ ಕರಡಿಬೊಂಬೆಯೊಂದು ಬಂದು ಕೆಡಿಸಿತು ಎಂದು ಆಟ ಹೂಡಿದಾಗ ಹೆಚ್ಚು ಮಕ್ಕಳು 'ಎರಡೂ ಅಷ್ಟೇ ಇವೆ' ಎಂದು ಸರಿಯಾಗಿ ನುಡಿದರು! ಹಿರಿಯರು ಗಂಭೀರವಾಗಿ ಏನನ್ನೋ ಸರಿಸಿ, ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರೆ ಮೊದಲಿನ ಉತ್ತರ ತಪ್ಪಾಗಿರಬೇಕೆಂದು ಮಗು ಊಹಿಸುತ್ತದೆ. ಮಾಸ್ತರರ, ಅಕ್ಕೋರ ಮುಖವನ್ನೇ ಓದಿ ಉತ್ತರ ಬದಲಿಸುವ ನಮ್ಮ ಹಳ್ಳಿಯ ಮಕ್ಕಳನ್ನು ಕಂಡವರಿಗೆ ಇದು ಹೊಸ ಮಾತೇನಲ್ಲ. 'ಐದು' ಎಂದ ಮಗುವನ್ನು 'ಮತ್ತೊಮ್ಮೆ ನೋಡು, ಎಷ್ಟು?' ಎಂದರೆ ಅದು 'ಆರು' ಎನ್ನುವ ಸಂಭವವಿದೆ. 'ಐದು ಹೇಗೆ ಬಂತು, ತೋರಿಸು ನೋಡೋಣ' ಎಂದರೆ ಅದೇ ಮಗು ಬೆರಳು ಬಿಚ್ಚಿ ತೋರಿಸುತ್ತದೆ. ಸರಿಯುತ್ತರಕ್ಕೂ ಈ ಪ್ರಶ್ನೆ ಕೇಳಬೇಕು. ಇಲ್ಲವಾದರೆ 'ಹೇಗೆ' ಎಂಬುದು ತಪ್ಪಿನ ಸಂಜ್ಞೆಯಾಗಿಬಿಡುತ್ತದೆ.

ಇಲ್ಲಿ ಒಂದು ಭೌತವಿಜ್ಞಾನದ ಮಾತು. ಎರಡೂ ಮೂರೂ ಐದು ಎಂಬುದು ಹರಳುಗಳಿಗೆ ಸಲ್ಲುತ್ತದೆ, ಏಕೆಂದರೆ ಕೂಡಿದ ಮೇಲೂ ಹರಳು ಹರಳಾಗಿಯೇ ಉಳಿಯುತ್ತದೆ. ಒಂದು ಸೇರು ಜೋಳಕ್ಕೆ ಒಂದು ಸೇರು ಎಳ್ಳು ಬೆರೆಸಿ ಅಳೆಯಿರಿ, ಎರಡು ಸೇರು ತುಂಬದು. ಜೋಳದ ಸಂದುಗಳಲ್ಲಿ ಎಳ್ಳು ಅಡಗಿಕೊಳ್ಳುತ್ತದೆ. ೫೦ ಮಿಲಿಲೀಟರ್ ನೀರಿಗೆ ಅಷ್ಟೇ ಶುದ್ಧ ಮದ್ಯಸಾರವನ್ನು ಬೆರೆಸಿದರೂ ನೂರಕ್ಕೆ ಮೂರು–ನಾಲ್ಕು ಕಡಿಮೆಯೇ ಬರುತ್ತದೆ. ಎರಡರಲ್ಲಿಯೂ ತೂಕ ಮಾತ್ರ ಸರಿಯಾಗಿ ಕೂಡುತ್ತದೆ. ೩೦ ಡಿಗ್ರಿಯ ನೀರಿಗೆ ೩೦ ಡಿಗ್ರಿಯ ನೀರು ಹೊಯ್ದರೆ ೬೦ ಡಿಗ್ರಿ ಆಗುವುದಿಲ್ಲವೆಂಬುದು ಸ್ನಾನ ಮಾಡುವ ಎಲ್ಲರಿಗೂ ಗೊತ್ತು. ಯಾವುದು ಕೂಡುತ್ತದೆ, ಯಾವುದು ಕೂಡುವುದಿಲ್ಲ ಎಂಬ ವಿಚಾರ ಕಾಲೇಜಿಗೆ ಬಂದ ಮೇಲೂ ನಮ್ಮ ವಿದ್ಯಾರ್ಥಿಗಳನ್ನು ಕಾಡುತ್ತದೆ; ಎರಡು ಬಲಗಳನ್ನು ದಿಕ್ಕು ನೋಡದೆ ಕೂಡಿಬಿಡುವವರು ಪ್ರತಿ ವರ್ಷವೂ ಸಿಗುತ್ತಾರೆ. ಚಿಕ್ಕಂದಿನಲ್ಲಿ ಅವರಿಗೆ ಕೂಡುವ ಚಿಹ್ನೆ ಸಿಕ್ಕಿತ್ತು, ಕೂಡುವ ವಸ್ತು ಸಿಕ್ಕಿರಲಿಲ್ಲವೆಂದು ನಮಗೆ ತೋರುತ್ತದೆ.

ಎರಡಂಕಿಯ ಲೆಕ್ಕಕ್ಕೆ ಬಂದಾಗ ಈ ಕೊರತೆ ಬಯಲಿಗೆ ಬೀಳುತ್ತದೆ. ೨೭ಕ್ಕೆ ೧೫ ಕೂಡಿಸೆಂದರೆ ಕೆಲವು ಮಕ್ಕಳು ೩೧೨ ಎಂದು ಬರೆಯುತ್ತಾರೆ. ನಗುವ ಮೊದಲು ಹೇಗೆ ಬಂತೆಂದು ನೋಡಬೇಕು. ಏಳೂ ಐದೂ ಹನ್ನೆರಡು, ಅದನ್ನು ಪೂರ್ತಿ ಇಟ್ಟಾಯಿತು. ಎರಡೂ ಒಂದೂ ಮೂರು, ಅದನ್ನು ಎಡಕ್ಕೆ ಇಟ್ಟಾಯಿತು. ಕೂಡಿದ್ದೆಲ್ಲ ಸರಿ! ಮಗುವಿನ ಪಾಲಿಗೆ ಅಲ್ಲಿ ಇದ್ದುದು ಎರಡು ಬೇರೆ ಬೇರೆ ಲೆಕ್ಕಗಳು. ಎಡಗಡೆಯ ಎರಡು ಎಂಬುದು ಇಪ್ಪತ್ತೆಂದು ಅದಕ್ಕೆ ಹೊಳೆದಿಲ್ಲ. ೩೨ ಎಂದು ಬರೆದ ಮಗು ದಶಕವನ್ನು ಮರೆತಿದೆ. ಮಕ್ಕಳ ಇಂಥ ತಪ್ಪುಗಳು ಮನಬಂದಂತೆ ಆಗುವುವಲ್ಲ, ಪ್ರತಿಯೊಂದರ ಹಿಂದೆಯೂ ತಪ್ಪಾದ ಆದರೆ ಸ್ಥಿರವಾದ ಒಂದು ನಿಯಮವಿರುತ್ತದೆಂದು ಬ್ರೌನ್ ಮತ್ತು ಬರ್ಟನ್ ೧೯೭೮ರಲ್ಲಿ ವಿಸ್ತಾರವಾಗಿ ತೋರಿಸಿದರು. ತಪ್ಪಿನ ಮೇಲೆ ಕೆಂಪು ಗೀಟು ಎಳೆದರೆ ಆ ನಿಯಮ ಹಾಗೆಯೇ ಉಳಿಯುತ್ತದೆ.

ಜೋಳದ ದಂಟಿನ ಸಣ್ಣ ಕಡ್ಡಿಗಳನ್ನು ಹತ್ತು ಹತ್ತಾಗಿ ದಾರದಿಂದ ಕಟ್ಟಿ ಮಗುವಿನ ಕೈಗೆ ಕೊಡಿರಿ. ಎರಡು ಕಟ್ಟು ಏಳು ಬಿಡಿ. ಒಂದು ಕಟ್ಟು ಐದು ಬಿಡಿ. ಬಿಡಿಗಳನ್ನು ಕೂಡಿಸಿದರೆ ಹನ್ನೆರಡು; ಅವುಗಳಲ್ಲಿ ಹತ್ತನ್ನು ಮಗು ತಾನೇ ಕಟ್ಟಬೇಕು. ಹೊಸ ಕಟ್ಟು ಕಟ್ಟುಗಳ ಸಾಲಿಗೆ ಹೋಗುತ್ತದೆ. ನಾಲ್ಕು ಕಟ್ಟು, ಎರಡು ಬಿಡಿ. ಪಾಟಿಯ ಮೇಲೆ ಎರಡರ ನೆತ್ತಿಗೆ ಬರೆಯುವ ಚಿಕ್ಕ ಒಂದು ಮಂತ್ರವಲ್ಲ, ಈಗ ತಾನೇ ಕಟ್ಟಿದ ಕಟ್ಟು! ಹಂಗೇರಿಯಲ್ಲಿ ಹುಟ್ಟಿದ ಗಣಿತಜ್ಞ ಜೋಲ್ಟಾನ್ ಡೀನ್ಸ್ ಮರದ ತುಂಡುಗಳಿಂದ ಇದೇ ಪಾಠವನ್ನು ಜಗತ್ತಿನ ಶಾಲೆಗಳಲ್ಲಿ ಹರಡಿದ. ಬಿಡಿ ರೂಪಾಯಿಗಳೂ ಹತ್ತರ ನೋಟುಗಳೂ ಅದೇ ಕೆಲಸವನ್ನು ಮಾಡಬಲ್ಲವು.

ನಮ್ಮ ರಾಜ್ಯದಲ್ಲಿ ಈ ದಿಕ್ಕಿನ ಯತ್ನಗಳು ಆಗಿಲ್ಲವೆನ್ನಲಾಗದು. ೧೯೯೫ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾದ 'ನಲಿ-ಕಲಿ' ಪದ್ಧತಿಯು ಆಂಧ್ರಪ್ರದೇಶದ ರಿಷಿವ್ಯಾಲಿಯ ಶಾಲೆಗಳಿಂದ ಸ್ಫೂರ್ತಿ ಪಡೆದುದು; ೨೦೦೯–೧೦ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆ ವ್ಯಾಪಿಸಿತು. ಅಲ್ಲಿ ಮಕ್ಕಳು 'ತಟ್ಟೆ'ಗಳೆಂಬ ಗುಂಪುಗಳಲ್ಲಿ ದುಂಡಗೆ ಕೂತು, ಕಾರ್ಡು ಹಿಡಿದು, ಕಲಿಕೆಯ ಏಣಿಯನ್ನು ತಮ್ಮ ತಮ್ಮ ವೇಗದಲ್ಲಿ ಏರುತ್ತಾರೆ. ಸುಗ್ಗಿಗೆಂದು ಹದಿನೈದು ದಿನ ಶಾಲೆ ತಪ್ಪಿಸಿದ ಮಗು ಬಂದು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದೆಂಬುದು ಹಳ್ಳಿಯ ದೃಷ್ಟಿಯಿಂದ ದೊಡ್ಡ ಅನುಕೂಲ. ಮೇಲಿನ ತರಗತಿಗಳಿಗೆ ಅಕ್ಷರ ಪ್ರತಿಷ್ಠಾನವು ಸರ್ಕಾರದೊಡನೆ ಕೂಡಿ ನಡೆಸಿದ 'ಗಣಿತ ಕಲಿಕಾ ಆಂದೋಲನ'ವು ಮಣಿಚೌಕಟ್ಟು, ಹತ್ತರ ತುಂಡುಗಳು, ಆಟದ ನೋಟುಗಳಿರುವ ಪೆಟ್ಟಿಗೆಯನ್ನು ಶಾಲೆಗಳಿಗೆ ಒದಗಿಸಿತು. ಪೆಟ್ಟಿಗೆ ಬೀಗದೊಳಗೆ ಭದ್ರವಾಗಿದ್ದರೆ ಮಾತ್ರ ಪ್ರಯೋಜನವಿಲ್ಲ. ತುಂಡು ಕಳೆದರೆ ಯಾರು ಹೊಣೆ 'ಸಾಹೇಬರಿಗೆ ಏನು ಉತ್ತರ' ಎಂಬ ಭಯವು ಒಳ್ಳೆಯ ಶಿಕ್ಷಕರನ್ನೂ ಕಟ್ಟಿಹಾಕುತ್ತದೆ. ಜೋಳದ ದಂಟಿಗೆ ಆ ಕಾಟವಿಲ್ಲ.

ಇಷ್ಟೆಲ್ಲ ಇದ್ದೂ ಸ್ಥಿತಿ ಸಮಾಧಾನಕರವಾಗಿಲ್ಲ. ಗ್ರಾಮೀಣ ಮಕ್ಕಳನ್ನು ಮನೆಮನೆಗೆ ಹೋಗಿ ಪರೀಕ್ಷಿಸುವ 'ಅಸರ್' ಸಮೀಕ್ಷೆಯ ೨೦೨೪ರ ವರದಿಯಂತೆ ದೇಶದ ಹಳ್ಳಿಗಳಲ್ಲಿ ಮೂರನೆಯ ತರಗತಿಯ ಮಕ್ಕಳ ಪೈಕಿ ದಶಕ ತೆಗೆದು ಎರಡಂಕಿಯ ವಜಾಬಾಕಿ ಮಾಡಬಲ್ಲವರು ಸುಮಾರು ಮೂವರಲ್ಲಿ ಒಬ್ಬರು. ಕಟ್ಟು ಕಟ್ಟಲು ಬಾರದವರಿಗೆ ಕಟ್ಟು ಬಿಚ್ಚಲು ಬರುವುದೆಂತು?

ಆದರೆ ಪಾಟಿಯ ಮೇಲೆ ಸೋತ ಮಗು ಲೆಕ್ಕದಲ್ಲಿಯೇ ಸೋತಿತೆಂದು ತಿಳಿಯಬಾರದು. ಬ್ರೆಜಿಲಿನ ರೆಸಿಫೆ ನಗರದ ಬೀದಿಗಳಲ್ಲಿ ತೆಂಗಿನಕಾಯಿ ಮುಂತಾದವನ್ನು ಮಾರುವ ಐವರು ಮಕ್ಕಳನ್ನು ಅಭ್ಯಸಿಸಿ ೧೯೮೫ರಲ್ಲಿ ಪ್ರಕಟವಾದ ಪ್ರಬಂಧವೊಂದು ಪ್ರಸಿದ್ಧವಾಗಿದೆ. ಗಿರಾಕಿಗಳಂತೆ ಹೋಗಿ ಕೇಳಿದಾಗ ಅವರ ಉತ್ತರಗಳಲ್ಲಿ ೧೦೦ಕ್ಕೆ ೯೮ ಸರಿ. ಅವೇ ಸಂಖ್ಯೆಗಳನ್ನು ಕಾಗದದ ಮೇಲೆ ಬರೀ ಲೆಕ್ಕವಾಗಿ ಕೊಟ್ಟಾಗ ಕೇವಲ ೩೭ ಸರಿ. ೨೦೨೫ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮೊದಲಾದವರು ಕೋಲ್ಕತ್ತ ಮತ್ತು ದಿಲ್ಲಿಯ ಸಂತೆಗಳಲ್ಲಿ ದುಡಿಯುವ ೧೪೦೦ಕ್ಕೂ ಹೆಚ್ಚು ಮಕ್ಕಳ ಬಗೆಗೆ ಇದೇ ಬಗೆಯ ಫಲಿತಾಂಶವನ್ನು ಪ್ರಕಟಿಸಿದರು. ಅದರ ಜತೆಗೆ ಇನ್ನೊಂದು ಮುಖವನ್ನೂ ತೋರಿಸಿದರು: ಶಾಲೆಯ ಲೆಕ್ಕ ಬಲ್ಲ ಮಕ್ಕಳು ಸಂತೆಯ ಲೆಕ್ಕದಲ್ಲಿ ತೊಡಕಿದರು. ಇಬ್ಬರ ನಡುವೆ ಗೋಡೆ. ಅಣ್ಣಿಗೇರಿಯ ಸಂತೆಯಲ್ಲಿ ತಾಯಿಯ ಪಕ್ಕ ಕೂತು ಮೆಣಸಿನಕಾಯಿ ತೂಗಿ, ನೂರರ ನೋಟಿಗೆ ಚಿಲ್ಲರೆ ಕೊಡುವ ಹುಡುಗನು ೩೫ರ ಸಾಮಾನಿಗೆ 'ಇದ ಐದು, ನಲವತ್ತಾತು. ಇದ ಹತ್ತು, ಐವತ್ತು. ಇದ ಐವತ್ತು, ನೂರಾತು' ಎಂದು ಮೇಲಕ್ಕೆ ಕೂಡುತ್ತ ಚಿಲ್ಲರೆ ಎಣಿಸುತ್ತಾನೆ. ಅದು ಕೂಡುವಿಕೆಯಿಂದ ವಜಾಬಾಕಿ ಮಾಡುವ ಸೊಗಸಾದ ವಿಧಾನ. ಮರುದಿನ ಶಾಲೆಯಲ್ಲಿ ೧೦೦ರ ಕೆಳಗೆ ೩೫ ಬರೆದರೆ ಅವನೇ ಕಂಗಾಲಾಗಬಹುದು. ಅವನ ವಿಧಾನವನ್ನು ಹಲಗೆಯ ಮೇಲೆ ಬರೆದು ತೋರಿಸುವಷ್ಟು ಪುರಸೊತ್ತು ಶಾಲೆಗಿದ್ದರೆ ಗೋಡೆಯಲ್ಲಿ ಒಂದು ಕಿಂಡಿಯಾದರೂ ಬಿದ್ದೀತು.

ನಮ್ಮ ವಾಚಕರಲ್ಲಿ ಬಹು ಮಂದಿಗೆ ಮನೆಯಲ್ಲಿ ಐದಾರು ವರ್ಷದ ತಮ್ಮನೋ ತಂಗಿಯೋ ಇರಬಹುದು. ರಜೆಯಲ್ಲಿ ಒಂದು ಪ್ರಯೋಗ ಮಾಡಬಹುದು. ಮುಚ್ಚಳವಿರುವ ಒಂದು ಡಬ್ಬಿ, ಹತ್ತಿಪ್ಪತ್ತು ಹುಣಸೆಬೀಜ ಬೇಕು. ಮಗುವಿನೆದುರಿಗೇ ಆರು ಬೀಜಗಳನ್ನು ಎಣಿಸಿ ಡಬ್ಬಿಯೊಳಗೆ ಹಾಕಿ ಮುಚ್ಚಿರಿ. ಮೂರು ಬೀಜಗಳನ್ನು ಮುಚ್ಚಳದ ಮೇಲಿಡಿರಿ. ಒಟ್ಟು ಎಷ್ಟೆಂದು ಕೇಳಿರಿ. ಒಳಗಿನವು ಕಾಣುವುದಿಲ್ಲವಾದುದರಿಂದ ಒಂದರಿಂದ ಎಣಿಸುವ ಹಾದಿ ಮುಚ್ಚಿತು. ಕೆಲವು ಮಕ್ಕಳು ಡಬ್ಬಿಯನ್ನು ಆರು ಸಲ ತಟ್ಟುತ್ತಾರೆ, ಕಾಣದ ಬೀಜಗಳನ್ನೂ ಎಣಿಸುವ ಹಟ ಅವರದು. ತಡೆಯಬೇಡಿರಿ. ಒಂದು ದಿನ ಆ ಮಗು ಡಬ್ಬಿಯ ಮೇಲೆ ಅಂಗೈ ಇಟ್ಟು 'ಆರು' ಎಂದು ಒಮ್ಮೆಗೇ ಹೇಳಿ, ಮೇಲಿನವನ್ನು 'ಏಳು, ಎಂಟು, ಒಂಬತ್ತು' ಎಂದು ಮುಟ್ಟುತ್ತದೆ.

ಅಲ್ಲಿಂದ ಮುಂದೆ ಬೀಜಗಳನ್ನು ಬಿಟ್ಟು ಬಾಯಿಲೆಕ್ಕ ಕೇಳುತ್ತ ಉತ್ತರದ ವೇಳೆಯನ್ನು ಮೊಬೈಲಿನ ನಿಲುಗಡಿಯಾರದಿಂದ ಅಳೆದು ಬರೆದುಕೊಳ್ಳಿರಿ. ಮಗು ಬೇಸತ್ತ ಕೂಡಲೇ ನಿಲ್ಲಿಸಬೇಕು. ದಿನಕ್ಕೆ ಹತ್ತು ಲೆಕ್ಕ ಸಾಕು. ಆಲೇಖದ ಹಾಳೆಯಲ್ಲಿ ಚಿಕ್ಕ ಸಂಖ್ಯೆಯನ್ನು ಅಡ್ಡಕ್ಕೂ ವೇಳೆಯನ್ನು ಉದ್ದಕ್ಕೂ ಗುರುತಿಸಿದರೆ ಬಿಂದುಗಳು ಹೆಚ್ಚುಕಡಿಮೆ ಒಂದು ಓರೆಗೆರೆಯ ಸುತ್ತ ಬೀಳಬೇಕು. ಆ ಗೆರೆಯ ಇಳಿಜಾರೇ ಮಗುವಿನ ಒಂದು ಹೆಜ್ಜೆಯ ಕಾಲ. ಎರಡು ತಿಂಗಳ ಮೇಲೆ ಮತ್ತೆ ಅಳೆದಾಗ ಗೆರೆ ಮಲಗುತ್ತ ಬಂದಿದ್ದರೆ ಎಣಿಕೆ ನೆನಪಾಗುತ್ತಿದೆಯೆಂದು ತಿಳಿಯಿರಿ. ಎರಡೂ ಎರಡು, ಮೂರೂ ಮೂರು ಎಂಬ ಜೋಡಿ ಲೆಕ್ಕಗಳ ಬಿಂದುಗಳು ಮಾತ್ರ ಮೊದಲಿನಿಂದಲೇ ಗೆರೆಯ ಕೆಳಗೆ ಬೀಳುತ್ತವೆ, ಗ್ರೋನ್ ಮತ್ತು ಪಾರ್ಕ್‌ಮನ್‌ರಿಗೂ ಹಾಗೆಯೇ ಬಿದ್ದವು; ಅವನ್ನು ಬೇರೆ ಬಣ್ಣದಿಂದ ಗುರುತಿಸಿ, ಇಳಿಜಾರನ್ನು ಲೆಕ್ಕ ಹಾಕುವಾಗ ಬಿಟ್ಟುಬಿಡಬೇಕು.